ಸಿಬ್ಬಂದಿ ಅಧಿಕಾರಿಯ ಮೊದಲ ದಿನಗಳು

ನನ್ನ ಉದ್ಯೋಗವೇನೆಂಬುದು ನಮ್ಮ ತಾಯಿಯವರಿಗೆ ಕೊನೆಯವರೆಗೂ ಸರಿಯಾಗಿ ತಿಳಿಯಲಿಲ್ಲ. ತಂದೆಯವರು ಶಾಲೆಯಲ್ಲಿ ಮೇಷ್ಟರಾಗಿದ್ದರು, ಅಣ್ಣ ಬ್ಯಾಂಕಿನಲ್ಲಿದ್ದ. ಇವೆರಡೂ ಅವರಿಗೆ ಅರ್ಥವಾಗುವ ಕೆಲಸಗಳು. ನಾನು ಹೇರೋಹಳ್ಳಿಯ ಗಾರ್ಮೆಂಟ್ಸ್ ಕಾರ್ಖಾನೆಯೊಂದಕ್ಕೆ ಮಾನವ ಸಂಪನ್ಮೂಲ ವ್ಯವಸ್ಥಾಪಕನಾಗಿ ಸೇರಿದ ದಿನ ಅವರು ಕೇಳಿದರು: “ಅಲ್ಲಿ ನೀನು ಬಟ್ಟೆ ಹೊಲೀತೀಯೇನಪ್ಪ?” ಇಲ್ಲವೆಂದೆ. “ಹೊಲಿಸ್ತೀಯಾ?” ಅದಕ್ಕೆ ಬೇರೆಯವರಿದ್ದಾರೆ ಎಂದೆ. “ಸಂಬಳ ಕೊಡೋನು ನೀನೋ?” ನಾನಲ್ಲ, ಯಜಮಾನರು ಎಂದೆ. “ಮತ್ತೆ ನಿನಗ್ಯಾಕೆ ಸಂಬಳ?” ಎಂದರು.

ಆಗ ನಕ್ಕು ಸುಮ್ಮನಾದೆ. ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಇಂದಿನ ಈ ಮಾತುಗಳಲ್ಲಿ ಅದಕ್ಕೆ ನನ್ನ ಕೈಲಾದ ಉತ್ತರವನ್ನು ಕೊಡಲು ಯತ್ನಿಸುತ್ತೇನೆ.

ಮಾಗಡಿ ರಸ್ತೆಯಲ್ಲಿ ಕಾಮಾಕ್ಷಿಪಾಳ್ಯ, ಸುಮನಹಳ್ಳಿ, ಸುಂಕದಕಟ್ಟೆಗಳನ್ನು ದಾಟಿ ಪಶ್ಚಿಮಕ್ಕೆ ಬಂದರೆ ಹೇರೋಹಳ್ಳಿ ಸಿಗುತ್ತದೆ. ಕೆರೆಯಿದ್ದ, ಹೊಲಗಳಿದ್ದ ಊರು ಅದು. ಬೆಂಗಳೂರು ಬೆಳೆಯುತ್ತ ಬಂದು ಅದನ್ನು ತನ್ನ ತೆಕ್ಕೆಗೆ ತೆಗೆದುಕೊಂಡಿತು. ಉತ್ತರಕ್ಕೆ ಪೀಣ್ಯದ ಕೈಗಾರಿಕಾ ಪ್ರದೇಶ; ಸುತ್ತಮುತ್ತ ಸಣ್ಣಪುಟ್ಟ ವರ್ಕ್‌ಷಾಪುಗಳು, ಸಿದ್ಧ ಉಡುಪಿನ ಕಾರ್ಖಾನೆಗಳು. ಬೆಳಗಿನ ಎಂಟು ಗಂಟೆಯ ಹೊತ್ತಿಗೆ ಊಟದ ಡಬ್ಬಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡ ಹೆಂಗಸರು ಬಸ್ಸುಗಳಿಂದ ಇಳಿದು ಬಿರಬಿರನೆ ನಡೆಯುವುದನ್ನು ಅಲ್ಲಿ ನೋಡಬೇಕು. ತಾವರೆಕೆರೆ, ಮಾಗಡಿಯ ಕಡೆಯಿಂದ ಬರುವವರುಂಟು. ಒಡಿಶಾ, ಬಿಹಾರಗಳಿಂದ ಬಂದು ಬಾಡಿಗೆ ಕೋಣೆಗಳಲ್ಲಿ ಗುಂಪಾಗಿ ಇರುವ ಹುಡುಗಿಯರೂ ಉಂಟು. 2017ರ ಜೂನ್ ತಿಂಗಳಿನಲ್ಲಿ ಇಂಥ ಸುಮಾರು ಆರುನೂರು ಮಂದಿಯ ಹಾಜರಿ ಪುಸ್ತಕ ನನ್ನ ಕೈಗೆ ಬಂತು.

ನನ್ನ ಕೆಲಸದ ಹೆಸರು ಕಾಲಕಾಲಕ್ಕೆ ಬದಲಾಗಿದೆ. ನಮ್ಮ ದೇಶದಲ್ಲಿ ಗಿರಣಿಗಳು ಬಂದ ಆರಂಭದಲ್ಲಿ ಇಂಥದೊಂದು ಹುದ್ದೆಯೇ ಇರಲಿಲ್ಲ. ಕೂಲಿಗೆ ಜನರನ್ನು ಕರೆತರುವವನು ಮೇಸ್ತ್ರಿ. ಕೆಲಸ ಕೊಡಿಸುವವನೂ ಅವನೇ, ಬಿಡಿಸುವವನೂ ಅವನೇ. ಕೆಲಸ ಬೇಕಾದವರು ಅವನ ಕೈ ಬೆಚ್ಚಗೆ ಮಾಡಬೇಕಾಗಿತ್ತು. ಕಷ್ಟ ಬಂದಾಗ ಸಾಲ ಕೊಡುವವನೂ ಎಷ್ಟೋ ವೇಳೆ ಅವನೇ. 1929ರಲ್ಲಿ ನೇಮಕವಾದ, ವಿಟ್ಲಿಯವರ ಅಧ್ಯಕ್ಷತೆಯ ಕಾರ್ಮಿಕ ಆಯೋಗವು 1931ರಲ್ಲಿ ಕೊಟ್ಟ ವರದಿಯಲ್ಲಿ, ನೇಮಕಾತಿಯ ಅಧಿಕಾರವನ್ನು ಮೇಸ್ತ್ರಿಯ ಕೈಯಿಂದ ತಪ್ಪಿಸಿ ಕಾರ್ಮಿಕಾಧಿಕಾರಿ ಎಂಬವನಿಗೆ ಒಪ್ಪಿಸಬೇಕೆಂದು ಸಲಹೆ ಮಾಡಿತು. ನಮ್ಮ ವೃತ್ತಿಯ ಮೂಲ ಅಲ್ಲಿದೆ. ಹಸಿದವನ ಅಸಹಾಯಕತೆಯಿಂದ ಯಾರೂ ಲಾಭ ಮಾಡಿಕೊಳ್ಳಬಾರದು ಎಂಬ ಉದ್ದೇಶದಿಂದ ಹುಟ್ಟಿದ ಹುದ್ದೆ ಇದು. 1936ರಲ್ಲಿ ಸರ್ ದೊರಾಬ್ಜಿ ಟಾಟಾ ಅವರ ಹೆಸರಿನಲ್ಲಿ ಮುಂಬಯಿಯಲ್ಲಿ ಸಮಾಜಕಾರ್ಯದ ಶಾಲೆ ತೆರೆಯಿತು. ಇಂಥ ಕೆಲಸಕ್ಕೆ ಓದಿ ಬರುವವರ ಪರಂಪರೆ ಬೆಳೆಯಿತು. 1948ರ ಕಾರ್ಖಾನೆ ಕಾಯ್ದೆಯು 500 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಗಳಲ್ಲಿ ಕಲ್ಯಾಣಾಧಿಕಾರಿಯನ್ನು ಕಡ್ಡಾಯ ಮಾಡಿತು. ಆಮೇಲೆ ಸಿಬ್ಬಂದಿ ಅಧಿಕಾರಿ ಎಂಬ ಹೆಸರು ಬಂತು. ಈಗಿನ ಹೆಸರು ಮಾನವ ಸಂಪನ್ಮೂಲ ವ್ಯವಸ್ಥಾಪಕ. ನೀರಿಗೂ ಅದಿರಿಗೂ ಬಳಸುವ ಮಾತನ್ನು ಮನುಷ್ಯರಿಗೆ ಬಳಸುವುದು ನನಗೆ ಇಂದಿಗೂ ಒಗ್ಗಿಲ್ಲ. ಆದ್ದರಿಂದ ಈ ಭಾಷಣದಲ್ಲಿ ಹಳೆಯ ಹೆಸರನ್ನೇ ಉಳಿಸಿಕೊಂಡಿದ್ದೇನೆ.

ಹೆಸರು ಏನೇ ಇರಲಿ, ಕೆಲಸದ ಸ್ವರೂಪ ಹೆಚ್ಚು ಬದಲಾಗಿಲ್ಲ. ಕೆಲಸಕ್ಕೆ ಜನರನ್ನು ತೆಗೆದುಕೊಳ್ಳುವುದು, ಹಾಜರಿ ಮತ್ತು ರಜೆಯ ಲೆಕ್ಕ ಇಡುವುದು, ಸಂಬಳದ ಪಟ್ಟಿ ಸರಿಯಾಗಿರುವಂತೆ ನೋಡಿಕೊಳ್ಳುವುದು, ಭವಿಷ್ಯನಿಧಿ ಮತ್ತು ಇ.ಎಸ್.ಐ. ವಂತಿಗೆಗಳನ್ನು ಕಾಲಕ್ಕೆ ಸರಿಯಾಗಿ ಕಟ್ಟಿಸುವುದು, ದೂರುಗಳನ್ನು ಕೇಳುವುದು, ತಪ್ಪು ಮಾಡಿದವರ ವಿಚಾರಣೆ ನಡೆಸುವುದು, ಕೆಲಸ ಬಿಟ್ಟು ಹೋಗುವವರಿಗೆ ಸಲ್ಲಬೇಕಾದುದನ್ನು ಸಲ್ಲಿಸುವುದು. ಇವೆಲ್ಲ ಕಾಗದದ ಕೆಲಸಗಳೆಂದು ಕಾಣುತ್ತವೆ. ನಾನೂ ಮೊದಲು ಹಾಗೆಯೇ ತಿಳಿದಿದ್ದೆ.

ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ. ನನ್ನ ಉತ್ಸಾಹವೂ ಆ ಬಗೆಯದೇ. ಅಲ್ಲಿಯವರೆಗೆ ಬೇರೊಂದು ಕಡೆ ಸಹಾಯಕನಾಗಿದ್ದವನಿಗೆ ಮೊದಲ ಬಾರಿಗೆ ಸ್ವಂತ ಕೋಣೆ, ಬಾಗಿಲ ಮೇಲೆ ಹೆಸರಿನ ಫಲಕ, ಕೈಕೆಳಗೆ ಇಬ್ಬರು ಗುಮಾಸ್ತರು. ಬಂದ ಎರಡನೆಯ ವಾರದಲ್ಲೇ ಶಿಸ್ತಿನ ಹೊಸ ನಿಯಮಾವಳಿಯೊಂದನ್ನು ಬರೆಯಲು ಕುಳಿತೆ. ತಡವಾಗಿ ಬಂದರೆ ಏನು, ಚಹಾದ ವಿರಾಮ ಮೀರಿದರೆ ಏನು, ಹೇಳದೆ ರಜೆ ಹಾಕಿದರೆ ಏನು ಎಂದು ಹನ್ನೊಂದು ಪುಟ. ಅದನ್ನು ಓದಿದವರು ಮೆಚ್ಚಿಕೊಳ್ಳಬೇಕೆಂಬ ಆಸೆ ನನಗಿತ್ತು. ಓದುವವರು ಯಾರು ಎಂಬುದನ್ನು ಮಾತ್ರ ಯೋಚಿಸಲಿಲ್ಲ.

ಆ ಬರವಣಿಗೆಯ ನಡುವೆ ಒಬ್ಬ ಹೆಂಗಸು ನನ್ನ ಬಾಗಿಲಲ್ಲಿ ಬಂದು ನಿಂತರು. ಹೊಲಿಗೆಯ ಬ್ಯಾಚಿನಲ್ಲಿ ನಾಲ್ಕು ವರ್ಷಗಳಿಂದ ಟೈಲರ್ ಆಗಿದ್ದವರು. ಅವರ ಹೆಸರನ್ನು ಇಲ್ಲಿ ಹೇಳುವುದು ಬೇಡ. ಅದರಲ್ಲಿ ‘ಕ್ಷ’ ಎಂಬ ಅಕ್ಷರವಿತ್ತು ಎಂಬುದಷ್ಟೇ ಈ ಕಥೆಗೆ ಮುಖ್ಯ. ಗಂಡ ಆಟೋ ಓಡಿಸುತ್ತಿದ್ದರು. ಅವರಿಗೆ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಗಿತ್ತು. ಚಿಕಿತ್ಸೆಗೆ ಹಣ ಕೊಡಬೇಕಾಗಿರಲಿಲ್ಲ. ಆದರೆ ಮೂರು ತಿಂಗಳು ಆಟೋ ನಿಂತುಹೋಗಿ, ಮನೆಯ ಬಾಡಿಗೆ, ಮಕ್ಕಳ ಶಾಲೆ ಎಲ್ಲವೂ ಅವರೊಬ್ಬರ ಸಂಬಳದ ಮೇಲೆ ಬಿದ್ದಿದ್ದವು. ಭವಿಷ್ಯನಿಧಿಯಿಂದ ಮುಂಗಡ ಕೇಳಿದ್ದರು, ಅರ್ಜಿ ತಿರಸ್ಕೃತವಾಗಿತ್ತು. ಹೆಸರು ಹೊಂದುತ್ತಿಲ್ಲ ಎಂಬುದು ಕಾರಣ.

“ಅರ್ಜಿ ಬರೆದುಕೊಡಿ, ಸೋಮವಾರ ಬನ್ನಿ” ಎಂದೆ. ಸೋಮವಾರ ಬಂದರು. ನಾನು ಸಭೆಯಲ್ಲಿದ್ದೆ. ಮತ್ತೊಂದು ಸೋಮವಾರ ಬಂದಾಗ ಅರ್ಜಿ ನಮೂನೆಯಲ್ಲಿಲ್ಲವೆಂದು ಗುಮಾಸ್ತರು ಹಿಂದಕ್ಕೆ ಕಳುಹಿಸಿದರು. ನಮೂನೆ ಇಂಗ್ಲಿಷಿನಲ್ಲಿತ್ತು. ಮೂರನೆಯ ಸಲ ಬಂದಾಗ ಬ್ಯಾಚು ಬಿಟ್ಟು ಬಂದದ್ದಕ್ಕೆ ಸೂಪರ್‌ವೈಸರ್ ಗದರಿಸಿದನಂತೆ. ಆಮೇಲೆ ಅವರು ಬರಲಿಲ್ಲ. ಕೆಲಸ ಮುಗಿಯಿತೆಂದು ನಾನು ತಿಳಿದೆ.

ತಿಂಗಳ ಕೊನೆಯಲ್ಲಿ ಸಹಿಗಾಗಿ ನನ್ನ ಮುಂದೆ ರಾಜೀನಾಮೆ ಪತ್ರಗಳ ಒಂದು ಕಟ್ಟು ಬಂತು. ಗಾರ್ಮೆಂಟ್ಸಿನಲ್ಲಿ ಜನ ಬರುವುದು ಹೋಗುವುದು ಹೆಚ್ಚು. ಯಾರೂ ಅದನ್ನು ವಿಶೇಷವೆಂದು ಎಣಿಸುವುದಿಲ್ಲ. ಕಾರಣವೆಂಬ ಕಡೆ ಎಲ್ಲದರಲ್ಲೂ ‘ಸ್ವಂತ ಕಾರಣ’ ಎಂದು ಒಂದೇ ಕೈಬರಹ. ಒಂದೊಂದಕ್ಕೂ ಸಹಿ ಹಾಕಿದೆ. ಅದರಲ್ಲಿ ಆಕೆಯದೂ ಇತ್ತೆಂದು ಗೊತ್ತಾದದ್ದು ಮೂರು ತಿಂಗಳ ಮೇಲೆ, ಒಂದು ಬೆಳಿಗ್ಗೆ ಆಕೆ ಗೇಟಿನ ಹೊರಗೆ ನಿಂತು ಕಾವಲುಗಾರನನ್ನು ಬೇಡಿಕೊಳ್ಳುತ್ತಿದ್ದುದನ್ನು ನೋಡಿದಾಗ.

ಆದದ್ದು ಇಷ್ಟು. ಕೆಲಸ ಬಿಟ್ಟು ಎರಡು ತಿಂಗಳು ಕಳೆದರೆ ಪಿ.ಎಫ್. ಹಣ ಪೂರ್ತಿ ಬರುತ್ತದೆಂದು ಜೊತೆಯವರು ಯಾರೋ ಹೇಳಿದ್ದರು. ಆಗಿನ ನಿಯಮದಂತೆ ಅದು ಸುಳ್ಳಲ್ಲ. ಆದರೆ ತಿದ್ದದೆ ಉಳಿದಿದ್ದ ಹೆಸರು ಅಲ್ಲಿಯೂ ಅಡ್ಡ ಬಂತು. ಅರ್ಜಿ ಮತ್ತೆ ತಿರಸ್ಕೃತವಾಯಿತು. ಅಷ್ಟೇ ಅಲ್ಲ, ಒಂದೇ ಕಡೆ ಐದು ವರ್ಷ ದುಡಿದವರಿಗೆ 1972ರ ಕಾಯ್ದೆಯ ಪ್ರಕಾರ ಗ್ರಾಚ್ಯುಯಿಟಿ ಸಲ್ಲುತ್ತಿತ್ತು, ವರ್ಷಕ್ಕೆ ಹದಿನೈದು ದಿನದ ಸಂಬಳದಂತೆ. ಆಕೆ ಬಿಟ್ಟದ್ದು ನಾಲ್ಕು ವರ್ಷ ಎರಡು ತಿಂಗಳಿಗೆ. ಇನ್ನು ಹತ್ತು ತಿಂಗಳು ಇದ್ದಿದ್ದರೆ ಆ ಹಕ್ಕೂ ಕೈಸೇರುತ್ತಿತ್ತು.

ಕಡತವನ್ನು ತರಿಸಿ ನೋಡಿದೆ. ಆಧಾರ್ ಚೀಟಿಯಲ್ಲಿ ಆಕೆಯ ಹೆಸರನ್ನು ‘ಕೆ, ಎಸ್, ಎಚ್’ ಹಾಕಿ ಬರೆದಿತ್ತು. ಸೇರಿದ ದಿನ ನಮ್ಮ ಕಚೇರಿ ತುಂಬಿ ಕಳುಹಿಸಿದ ಕಾಗದದಲ್ಲಿ ‘ಎಕ್ಸ್’ ಇತ್ತು. ಕನ್ನಡದಲ್ಲಿ ಎರಡನ್ನೂ ಓದಿದರೆ ಒಂದೇ ಹೆಸರು. ಯಂತ್ರಕ್ಕೆ ಅವರಿಬ್ಬರು ಬೇರೆ ಬೇರೆ ಹೆಂಗಸರು. ತಪ್ಪು ನಮ್ಮ ಕಚೇರಿಯದು. ಅದನ್ನು ತಿದ್ದಲು ಬೇಕಾಗಿದ್ದುದು ಕಾರ್ಖಾನೆಯೂ ಕೆಲಸಗಾರರೂ ಕೂಡಿ ಸಹಿ ಮಾಡುವ ಒಂದು ಜಂಟಿ ಘೋಷಣೆಯ ಪತ್ರ. ಅದನ್ನು ಸಿದ್ಧಪಡಿಸಲು ನನಗೆ ಹಿಡಿದದ್ದು ಇಪ್ಪತ್ತು ನಿಮಿಷ. ಹನ್ನೊಂದು ಪುಟದ ನಿಯಮಾವಳಿಗೆ ಎರಡು ವಾರ ಕೊಟ್ಟಿದ್ದ ನಾನು ಆ ಇಪ್ಪತ್ತು ನಿಮಿಷವನ್ನು ಕೊಟ್ಟಿರಲಿಲ್ಲ.

ಹಣ ಕೆಲವು ವಾರಗಳ ಮೇಲೆ ಬಂತು. ಅಷ್ಟರಲ್ಲಿ ಬಡ್ಡಿಯ ಸಾಲ ಬೆಳೆದಿತ್ತು. ಯಜಮಾನರನ್ನು ಕೇಳಿ ಆಕೆಯನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡೆವು. ಆದರೆ ಹೊಸ ನಂಬರು, ಹೊಸ ಸೇರ್ಪಡೆಯ ದಿನಾಂಕ. ಹಿಂದಿನ ನಾಲ್ಕು ವರ್ಷಗಳನ್ನು ಹೊಸ ಲೆಕ್ಕಕ್ಕೆ ಸೇರಿಸಲು ಯಜಮಾನರು ಒಪ್ಪಲಿಲ್ಲ. ನಾನು ಎರಡು ಸಲ ಕೇಳಿದೆ. ಮೂರನೆಯ ಸಲ ಕೇಳುವ ಧೈರ್ಯವಾಗಲಿಲ್ಲ. ಇದನ್ನೂ ಹೇಳಿಬಿಡುವುದು ನ್ಯಾಯವೆಂದು ಹೇಳಿದ್ದೇನೆ.

ಇಲ್ಲಿ ಕೇಳುಗರಲ್ಲಿ ಕೆಲವರಿಗೆ, ಪಿ.ಎಫ್. ಹಣದ ವಿಷಯಕ್ಕೆ ಇಷ್ಟೊಂದು ತಳಮಳವೇ ಎನ್ನಿಸಬಹುದು. ಅದಕ್ಕೆ ನನಗಿಂತ ಚೆನ್ನಾಗಿ ಉತ್ತರ ಹೇಳಿದವರು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು. ಕೆಲಸಗಾರರು ಪಿ.ಎಫ್.ನಿಂದ ಮಾಲೀಕರ ವಂತಿಗೆಯ ಭಾಗವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಅಧಿಸೂಚನೆಯನ್ನು ಕೇಂದ್ರ ಸರ್ಕಾರ 2016ರ ಫೆಬ್ರವರಿ 10ರಂದು ಹೊರಡಿಸಿತು. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಂಗಸರು ಯಂತ್ರಗಳನ್ನು ಬಿಟ್ಟು ಬೀದಿಗೆ ಬಂದರು. ಹೊಸೂರು ರಸ್ತೆಯಲ್ಲಿ ಆರಂಭವಾದದ್ದು ತುಮಕೂರು ರಸ್ತೆಯ ಜಾಲಹಳ್ಳಿ ಕ್ರಾಸಿನವರೆಗೂ ಹಬ್ಬಿತು. ಸಂಘಗಳ ನಾಯಕರೇ ಬೆರಗಾಗುವಂತೆ ನಡೆದ ಚಳವಳಿ ಅದು. 19ರಂದೇ ಸರ್ಕಾರ ಅಧಿಸೂಚನೆಯನ್ನು ಹಿಂದಕ್ಕೆ ಪಡೆಯಿತು. ಮುಪ್ಪಿನ ಭದ್ರತೆಗೆಂದು ಮಾಡಿದ ನಿಯಮವೆಂದು ಅದನ್ನು ಸಮರ್ಥಿಸಿದವರಿದ್ದರು. ಆದರೆ ನಲವತ್ತು ದಾಟಿದ ಮೇಲೆ ಕಣ್ಣು ಮಂಜಾಗಿ, ಸೊಂಟ ಹಿಡಿದು, ಹೊಲಿಗೆಯ ವೇಗ ಕುಗ್ಗಿದ ಹೆಂಗಸಿಗೆ 58ರವರೆಗೆ ಕೆಲಸ ಕೊಡುವವರು ಯಾರು? ಆ ಹಣವೇ ಅವರ ಮಗಳ ಮದುವೆ, ಊರಿನ ಸಾಲ, ಮನೆಯ ಮೇಲಿನ ಶೀಟು. ಲೆಕ್ಕದ ಪುಸ್ತಕ ಬರೆಯುವವರಿಗೆ ಗೊತ್ತಿಲ್ಲದ ಲೆಕ್ಕವೊಂದು ಅವರ ಬಳಿ ಇತ್ತು.

ಹೊಸದಾಗಿ ಈ ಕೆಲಸಕ್ಕೆ ಸೇರುವವರು ಮೊದಲು ಕಲಿಯಬೇಕಾದದ್ದು ಈ ಎರಡನೆಯ ಲೆಕ್ಕವನ್ನು. ಅದನ್ನು ಕಲಿಸುವ ಪುಸ್ತಕವಿಲ್ಲ. ನಾನು ಕಂಡುಕೊಂಡ ದಾರಿಗಳನ್ನು ಹೇಳುತ್ತೇನೆ. ಅವು ತೀರ ಸಾಮಾನ್ಯವಾದವು.

ಮೊದಲ ಮೂರು ತಿಂಗಳು ಹೊಸ ನಿಯಮಗಳನ್ನು ಬರೆಯಬಾರದು. ಇರುವ ನಿಯಮಗಳು ಹೇಗೆ ನಡೆಯುತ್ತಿವೆಯೆಂಬುದನ್ನು ನೋಡಬೇಕು. ಬೆಳಿಗ್ಗೆ ಕೆಲಸ ಆರಂಭವಾಗುವ ಮುನ್ನ ಗೇಟಿನ ಬಳಿ ನಿಂತರೆ ಕಚೇರಿಯಲ್ಲಿ ಒಂದು ವಾರ ಕುಳಿತರೂ ತಿಳಿಯದ ಸಂಗತಿಗಳು ತಿಳಿಯುತ್ತವೆ. ಬಸ್ಸು ತಡವಾಗಿ ಬಂದದ್ದಕ್ಕೆ ಯಾರ ಸಂಬಳ ಕತ್ತರಿಸುತ್ತಿದ್ದಾರೆ, ಯಾರು ಕೂಸನ್ನು ಯಾರ ಮಡಿಲಲ್ಲಿ ಬಿಟ್ಟು ಬರುತ್ತಾರೆ, ಯಾವ ಸೂಪರ್‌ವೈಸರನ ಹೆಸರು ಕೇಳಿದರೆ ಮಾತು ನಿಲ್ಲುತ್ತದೆ, ಇವೆಲ್ಲ ಅಲ್ಲಿ ಸಿಗುತ್ತವೆ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆಯಂತೆ ಹತ್ತು ಮಂದಿಯಿರುವ ಕಡೆಯಲ್ಲೂ ಆಂತರಿಕ ಸಮಿತಿ ಇರಬೇಕು. ಅದರ ಸದಸ್ಯರ ಹೆಸರು ಗೋಡೆಯ ಮೇಲೆ ಇದ್ದೇ ಇರುತ್ತದೆ. ಆ ಹೆಸರಿನವರು ಯಾರೆಂದು ಹೊಲಿಗೆಯ ಹುಡುಗಿಯೊಬ್ಬಳನ್ನು ಕೇಳಿ ನೋಡಿ. ಆಕೆಗೆ ಗೊತ್ತಿಲ್ಲದಿದ್ದರೆ ಸಮಿತಿ ಗೋಡೆಯ ಮೇಲೆ ಮಾತ್ರ ಇದೆ ಎಂದು ಅರ್ಥ.

ಎರಡನೆಯದು ಸಂಬಳದ ಚೀಟಿ. ಕಂಪನಿಯ ಮಾತನ್ನು ನಂಬುವುದೋ ಬಿಡುವುದೋ ಎಂಬುದನ್ನು ಕೆಲಸಗಾರರು ತೀರ್ಮಾನಿಸುವುದು ಅದನ್ನು ನೋಡಿ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ನಡೆದ ದಾಂಧಲೆಯನ್ನು ಕೇಳುಗರು ಮರೆತಿರಲಾರರು. ಅದಕ್ಕೆ ಹಿನ್ನೆಲೆಯಾಗಿದ್ದುದು ಸಂಬಳದ ವಿಷಯ. ಕೆಲವು ಕೆಲಸಗಾರರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಸಂದಿರಲಿಲ್ಲವೆಂದು ಕಂಪನಿಯೇ ಆಮೇಲೆ ಒಪ್ಪಿಕೊಂಡಿತು. ಕೆಲವೇ ತಿಂಗಳಲ್ಲಿ ಕೆಲಸಗಾರರ ಸಂಖ್ಯೆ ಎರಡರಷ್ಟಾಗಿದ್ದರೂ ಅದಕ್ಕೆ ತಕ್ಕ, ಕಾರ್ಮಿಕ ಕಾನೂನು ಬಲ್ಲ ಸಿಬ್ಬಂದಿ ವಿಭಾಗ ಅಲ್ಲಿರಲಿಲ್ಲವೆಂದು ಸರ್ಕಾರದ ತಪಾಸಣೆಯ ವರದಿ ಹೇಳಿತು. ಒಡೆದ ಗಾಜಿಗೆ ಸಮರ್ಥನೆ ಇಲ್ಲ. ಆದರೆ ಹಾಜರಿಯ ತಪ್ಪನ್ನು ತಿದ್ದಿಸಿಕೊಳ್ಳಲು ಯಾರ ಬಳಿಗೆ ಹೋಗಬೇಕೆಂದು ಗೊತ್ತಿಲ್ಲದ ಸಾವಿರಾರು ಯುವಕರನ್ನು ಒಂದು ಸೂರಿನಡಿ ಸೇರಿಸುವುದು ಎಂಥ ಅಪಾಯವೆಂದು ನಮ್ಮ ವೃತ್ತಿಯವರು ಅಲ್ಲಿಂದ ಕಲಿಯಬೇಕು. ಹೇರೋಹಳ್ಳಿಯಲ್ಲಿ ನಾವು ಮಾಡಿದ್ದು ಇಷ್ಟೆ: ಸಂಬಳವಾದ ಮರುದಿನ ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಒಂದು ಮೇಜು ಹಾಕಿ ಹಾಜರಿಯ ಪಟ್ಟಿಯೊಡನೆ ಕುಳಿತೆವು. ಮೊದಲ ತಿಂಗಳು ನಲವತ್ತಕ್ಕೂ ಹೆಚ್ಚು ಮಂದಿ ಬಂದರು. ಅವರಲ್ಲಿ ಅರ್ಧದಷ್ಟು ಜನರ ದೂರು ನಿಜವಾಗಿತ್ತು. ಉಳಿದವರ ಚೀಟಿ ಸರಿಯಾಗಿತ್ತು. ಅದನ್ನು ಬಿಡಿಸಿ ಹೇಳುವವರು ಮಾತ್ರ ಅಲ್ಲಿಯವರೆಗೆ ಇರಲಿಲ್ಲ.

ಮೂರನೆಯದು ಭಾಷೆ. ಫಲಕದ ಮೇಲೆ ಅಂಟಿಸಿದ್ದನ್ನೆಲ್ಲ ಜನ ಓದುತ್ತಾರೆಂಬ ಭ್ರಮೆ ಇರಬಾರದು. ಕನ್ನಡದಲ್ಲಿ ಬರೆದು, ಒಡಿಶಾದ ಹುಡುಗಿಯರಿಗೆ ಅವರಲ್ಲೊಬ್ಬಳಿಂದ ಹೇಳಿಸಿ, ಆಮೇಲೆ ಏನು ಅರ್ಥವಾಯಿತೆಂದು ತಿರುಗಿ ಕೇಳಬೇಕು. ತಿರುಗಿ ಕೇಳಿದಾಗ ನಮಗೆ ಸಿಗುವ ಉತ್ತರಗಳು ಎಷ್ಟೋ ಬಾರಿ ನಮ್ಮ ಬರವಣಿಗೆಯ ಹೆಮ್ಮೆಯನ್ನು ಇಳಿಸುತ್ತವೆ.

ಇನ್ನು ಕಾನೂನು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, ಹಳೆಯ 29 ಕೇಂದ್ರ ಕಾಯ್ದೆಗಳ ಸ್ಥಾನವನ್ನು ಪಡೆದಿವೆ. ತಿಂಗಳ ಸಂಬಳ ಮುಂದಿನ ತಿಂಗಳ ಏಳನೆಯ ದಿನದೊಳಗೆ ಸಿಗಬೇಕು. ಕೆಲಸ ಬಿಟ್ಟವರ ಸಂಬಳದ ಲೆಕ್ಕವನ್ನು ಎರಡು ಕೆಲಸದ ದಿನಗಳೊಳಗೆ ತೀರಿಸಬೇಕು. ಕೆಲಸಕ್ಕೆ ಸೇರಿದವರಿಗೆ ನೇಮಕಾತಿ ಪತ್ರ ಕೊಡಬೇಕು. ಕಲ್ಯಾಣಾಧಿಕಾರಿ ಇರಬೇಕಾದ ಕಾರ್ಖಾನೆಯ ಅಳತೆ 500ರಿಂದ 250 ಕೆಲಸಗಾರರಿಗೆ ಇಳಿದಿದೆ. ಇವು ಒಳ್ಳೆಯ ಮಾತುಗಳೇ. ಸಂಹಿತೆಗಳ ಬೇರೆ ಭಾಗಗಳ ಬಗ್ಗೆ ಕಾರ್ಮಿಕ ಸಂಘಗಳಿಗೆ ಬಲವಾದ ಆಕ್ಷೇಪಗಳಿವೆ. ಹೊಸ ಅಧಿಕಾರಿ ಎರಡನ್ನೂ ಓದಿಕೊಂಡಿರಬೇಕು. ಆದರೆ ನೇಮಕಾತಿ ಪತ್ರದಲ್ಲಿ ಹೆಸರನ್ನು ತಪ್ಪಾಗಿ ಬರೆದರೆ ಅದನ್ನು ಸರಿಪಡಿಸಲು ಯಾವ ಸಂಹಿತೆಯೂ ಎದ್ದು ಬರುವುದಿಲ್ಲ. ಆದ್ದರಿಂದ ನಮ್ಮಲ್ಲಿ ಒಂದು ಪದ್ಧತಿ ಮಾಡಿಕೊಂಡೆವು. ಸೇರುವ ದಿನ ಆಧಾರ್ ಚೀಟಿಯನ್ನೂ ನಮ್ಮ ಕಾಗದವನ್ನೂ ಅಕ್ಕಪಕ್ಕ ಇಟ್ಟು, ಒಂದೊಂದೇ ಅಕ್ಷರವನ್ನು ಕೆಲಸಗಾರರ ಎದುರಿನಲ್ಲೇ ಗಟ್ಟಿಯಾಗಿ ಓದುವುದು. ಅದಕ್ಕೆ ಹಿಡಿಯುವುದು ಎರಡು ನಿಮಿಷ.

ಈ ಹುದ್ದೆಯ ಕಷ್ಟವನ್ನೂ ಮುಚ್ಚಿಡಬಾರದು. ನಾವು ತಿನ್ನುವ ಅನ್ನ ಯಜಮಾನರದು; ನಾವು ಕೇಳಬೇಕಾದ ಕಷ್ಟ ಕೆಲಸಗಾರರದು. ಹೊಸ್ತಿಲ ಮೇಲೆ ನಿಂತವನನ್ನು ಒಳಗಿನವರೂ ಹೊರಗಿನವರೂ ಅನುಮಾನದಿಂದಲೇ ನೋಡುತ್ತಾರೆ. ಗಂಟೆಗೆ ಎಷ್ಟು ಶರ್ಟು ಎಂಬ ಟಾರ್ಗೆಟನ್ನು ಇಳಿಸುವ ಅಧಿಕಾರ ನನಗಿರಲಿಲ್ಲ. ಆರ್ಡರು ಬಾರದ ತಿಂಗಳಲ್ಲಿ ಮೂವತ್ತು ಜನರನ್ನು ಬಿಡಬೇಕೆಂದು ಮೇಲಿನಿಂದ ಬಂದ ಮಾತನ್ನು ತಡೆಯಲಾಗದೆ ಹೋದದ್ದೂ ಉಂಟು. ಅಂಥ ದಿನಗಳಲ್ಲಿ ನನ್ನ ಕೈಯಲ್ಲಿದ್ದದ್ದು, ಅವರಿಗೆ ಸಲ್ಲಬೇಕಾದ ಕೊನೆಯ ರೂಪಾಯಿಯವರೆಗೆ ಲೆಕ್ಕ ಹಾಕಿಸಿ, ಸುದ್ದಿಯನ್ನು ಬೇರೊಬ್ಬರ ಬಾಯಲ್ಲಿ ಹೇಳಿಸದೆ ನಾನೇ ಎದುರು ಕುಳಿತು ಹೇಳುವುದು. ನನ್ನಿಂದ ಆಗದ್ದನ್ನು ಆಗುತ್ತದೆಂದು ಹೇಳದೆ ಇರುವುದನ್ನೂ ನಿಧಾನವಾಗಿ ಕಲಿತೆ. ‘ಸೋಮವಾರ ಬನ್ನಿ’ ಎಂಬ ಮಾತನ್ನು, ಸೋಮವಾರ ನಾನು ಅಲ್ಲಿರುತ್ತೇನೆಂದು ಖಚಿತವಾಗಿದ್ದ ಹೊರತು ಮತ್ತೆ ಆಡಲಿಲ್ಲ.

ಮರಳಿ ಸೇರಿದ ಆ ಹೆಂಗಸು ನನ್ನೊಡನೆ ಬಹಳ ದಿನ ಮಾತಾಡಲಿಲ್ಲ. ಅದಕ್ಕೆ ಅವರಿಗೆ ಕಾರಣವಿತ್ತು. ಒಂದು ವರ್ಷದ ಮೇಲೆ, ಸಂಬಳದ ಮರುದಿನ, ಕ್ಯಾಂಟೀನಿನ ಮೇಜಿನ ಬಳಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳನ್ನು ಕೈಹಿಡಿದು ಕರೆತಂದರು. ಆ ಹುಡುಗಿಯ ಹೆಸರಿನಲ್ಲಿಯೂ ಒಂದು ಒತ್ತಕ್ಷರವಿತ್ತು. “ಸಾರ್, ಇವಳದ್ದು ಈಗಲೇ ಸರಿಯಾಗಿ ನೋಡಿಬಿಡಿ” ಎಂದರು. ಚೀಟಿಯನ್ನು ಕೈಗೆ ತೆಗೆದುಕೊಂಡು ಒಂದೊಂದಾಗಿ ಓದತೊಡಗಿದೆ. ನಾನು ಓದಿ ಮುಗಿಸುವವರೆಗೂ ಅವರು ಅಲ್ಲಿಯೇ ನಿಂತಿದ್ದು, ಆಮೇಲೆ ತಮ್ಮ ಬ್ಯಾಚಿಗೆ ಹೋದರು.